ದೊಡ್ಡಮ್ಮನ ಟ್ರಂಕಿನಿಂದ ಒಂದು ಹಳೇ ಕಾಲದ ಸಂಜೆ: ಮನೆಯಲ್ಲೇ ಮಾಡುವುದು ಹೇಗೆ?

ನಮ್ಮ ದೊಡ್ಡಮ್ಮನ ಹತ್ತಿರ ಒಂದು ನೇರಳೆ ಬಣ್ಣದ ಬ್ಲೌಸ್ ಇದೆ. ಮಣಿಕಟ್ಟಿನವರೆಗೂ ತೋಳು, ಮುಚ್ಚಿದ ಕತ್ತು, ಬೆನ್ನಿಗೆ ಸಾಲಾಗಿ ಹುಕ್ಕು. 1971ರಲ್ಲಿ 'ಶರಪಂಜರ' ಬಂದಿತ್ತು. ಮಿನುಗುತಾರೆ ಕಲ್ಪನಾ ಅವರನ್ನು ತೆರೆಯ ಮೇಲೆ ನೋಡಿ ಬಂದ ದೊಡ್ಡಮ್ಮ, ಮಲ್ಲೇಶ್ವರದ ತಮ್ಮ ಟೈಲರಿಗೆ ಅಂಥದ್ದೇ ತೋಳು ಇಡಬೇಕು ಅಂದರಂತೆ. ಎಷ್ಟು ವಿವರಿಸಿದರೂ ಅವರಿಗೆ ತಿಳಿಯಲಿಲ್ಲ. ಕೊನೆಗೆ ಟಿಕೆಟ್ಟಿನ ದುಡ್ಡು ಕೈಗಿಟ್ಟು, "ನೀವೇ ಹೋಗಿ ನೋಡ್ಕೊಂಡು ಬನ್ನಿ" ಅಂದರು. ಟೈಲರ್ ಎರಡು ಸಲ ನೋಡಿ ಬಂದು ಹೊಲಿದುಕೊಟ್ಟರು.

ಈ ಕಥೆ ನನಗೆ ಗೊತ್ತಾಗಿದ್ದೇ ದೊಡ್ಡಮ್ಮನ ಎಪ್ಪತ್ತೈದನೇ ಹುಟ್ಟುಹಬ್ಬಕ್ಕೆ ಒಂದು ಹಳೇ ಕಾಲದ ಸಂಜೆ ಮಾಡಬೇಕು ಅಂತ ಹೊರಟಾಗ. ಆಮೇಲೆ ಸ್ನೇಹಿತರ ಮನೆಗಳಲ್ಲೂ ಇಂಥ ಸಂಜೆಗಳಿಗೆ ಕೈಜೋಡಿಸಿದ್ದೇನೆ. ಯಾವುದು ಕೈಹಿಡಿಯಿತು, ಯಾವುದು ಕೆಟ್ಟಿತು ಎಲ್ಲವನ್ನೂ ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಆರು ವಾರ ಸಮಯ ಇಟ್ಟುಕೊಳ್ಳಿ. ಟೈಲರ್, ವಾಚ್ ರಿಪೇರಿ, ರೆಕಾರ್ಡ್ ಪ್ಲೇಯರ್ ರಿಪೇರಿ ಯಾವುದೂ ಒಂದು ವಾರದಲ್ಲಿ ಮುಗಿಯುವ ಕೆಲಸ ಅಲ್ಲ.

ಮೊದಲು ಕಾಲವನ್ನು ಗೊತ್ತು ಮಾಡಿಕೊಳ್ಳಿ

"ರೆಟ್ರೊ" ಅಂತ ಹೇಳಿ ಎಲ್ಲವನ್ನೂ ಕಲಸಿಬಿಟ್ಟರೆ ಅದು ಶಾಲಾ ವಾರ್ಷಿಕೋತ್ಸವದ ವೇಷದ ಹಾಗೆ ಕಾಣುತ್ತದೆ. ಬೆಲ್ ಬಾಟಂ ಪ್ಯಾಂಟು, ಎತ್ತರದ ಪಫ್ ತಲೆ, ನಿಮಿಷಕ್ಕೆ 78 ಸುತ್ತು ತಿರುಗುವ ಗ್ರಾಮಫೋನ್ ಪ್ಲೇಟು ಮೂರೂ ಒಂದೇ ವರ್ಷದವಲ್ಲ. ಹಾಗಾಗಿ ಆರೇಳು ವರ್ಷದ ಒಂದು ತುಂಡನ್ನು ಆರಿಸಿಕೊಳ್ಳಿ. ನಾವು 1965ರಿಂದ 1972 ಅಂತ ಇಟ್ಟುಕೊಂಡೆವು. ದೊಡ್ಡಮ್ಮ ಕಾಲೇಜಿಗೆ ಹೋಗಿದ್ದು, ಕೆಲಸಕ್ಕೆ ಸೇರಿದ್ದು, ಮದುವೆಯಾಗಿದ್ದು ಎಲ್ಲ ಅಷ್ಟರೊಳಗೇ. ಯಾರಿಗಾಗಿ ಈ ಸಂಜೆಯೋ ಅವರ ಹದಿನೆಂಟರಿಂದ ಇಪ್ಪತ್ತೈದರ ವಯಸ್ಸು ಯಾವ ವರ್ಷಗಳಲ್ಲಿ ಬಂತು ನೋಡಿ. ಅದನ್ನೇ ಹಿಡಿಯಿರಿ.

ಗುರುತಿಗೆ ಒಂದೆರಡು ವಿಷಯ. ಕನ್ನಡದ ಮೊದಲ ಪೂರ್ಣ ವರ್ಣಚಿತ್ರ 'ಅಮರಶಿಲ್ಪಿ ಜಕಣಾಚಾರಿ' ಬಂದಿದ್ದು 1964ರಲ್ಲಿ. ಆದರೂ ಎಪ್ಪತ್ತರ ದಶಕದಲ್ಲೂ ಕಪ್ಪು-ಬಿಳುಪು ಚಿತ್ರಗಳು ಬರುತ್ತಲೇ ಇದ್ದವು. ಅರವತ್ತರ ಕೊನೆಯ ಗಂಡಸರ ಠೀವಿ ನೋಡಬೇಕಾದರೆ 1968ರ 'ಜೇಡರ ಬಲೆ' ನೋಡಿ. ಡಾ. ರಾಜ್‌ಕುಮಾರ್ ಸಿಐಡಿ 999 ಆಗಿ ಸೂಟು ಹಾಕಿದ ಚಿತ್ರ. ಅಗಲ ಕಾಲಿನ ಬೆಲ್ ಬಾಟಂ ಊರೆಲ್ಲ ಓಡಾಡಿದ್ದು ಅದಕ್ಕೂ ನಂತರ. ಅದು ನಿಮ್ಮ ಅಪ್ಪನ ಆಲ್ಬಂನಲ್ಲೇ ಸಿಗುತ್ತದೆ.

ಅಂಗಡಿಗೆ ಹೋಗುವ ಮುಂಚೆ ಹಿರಿಯರ ಹತ್ತಿರ ಕೂತುಕೊಳ್ಳಿ

ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ದೊಡ್ಡ ಹೆಜ್ಜೆ. ತುಂಬ ಜನ ಇದನ್ನೇ ಬಿಟ್ಟುಬಿಡುತ್ತಾರೆ. ಮೊಬೈಲಿನಲ್ಲಿ ಚಿತ್ರ ಹುಡುಕಿ, ಆನ್‌ಲೈನಿನಲ್ಲಿ ಸಾಮಾನು ತರಿಸಿ, ಕಡೆಗೆ ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ ಫೋಟೋ ತೆಗೆಯುತ್ತಾರೆ. ಆದರೆ ಆ ಕಾಲ ಗೊತ್ತಿರುವುದು ಅಜ್ಜಿಗೆ, ಮೊಬೈಲಿಗಲ್ಲ.

ಕಪ್ಪು-ಬಿಳುಪು ಫೋಟೋದಲ್ಲಿ ಬಣ್ಣ ತಿಳಿಯುವುದಿಲ್ಲ, ಅಲ್ವಾ? ನಾನು ಒಂದು ಫೋಟೋ ನೋಡಿ ದೊಡ್ಡಮ್ಮನ ಸೀರೆ ಬೂದು ಬಣ್ಣದ್ದು ಅಂದುಕೊಂಡಿದ್ದೆ. "ಅಯ್ಯೋ, ಅದು ಗಿಳಿಹಸಿರು ಕಣೇ! ಅಂಚು ಮಾತ್ರ ಅರಗಿನ ಬಣ್ಣ" ಅಂದರು. ಇಂಥದ್ದು ಯಾವ ಪುಸ್ತಕದಲ್ಲಿ ಸಿಗುತ್ತದೆ?

"ನಿಮ್ಮ ಕಾಲ ಹೇಗಿತ್ತು" ಅಂತ ಕೇಳಿದರೆ "ಚೆನ್ನಾಗಿತ್ತು" ಅನ್ನುತ್ತಾರೆ, ಅಲ್ಲಿಗೆ ಮಾತು ನಿಲ್ಲುತ್ತದೆ. ಸಣ್ಣದನ್ನು ಕೇಳಿ. ಬ್ಲೌಸ್ ಯಾರು ಹೊಲಿಯುತ್ತಿದ್ದರು? ಸಿನಿಮಾಕ್ಕೆ ಯಾವ ಬಸ್ಸು? ಮುಖಕ್ಕೆ ಯಾವ ಪೌಡರ್? ಹೂ ಎಷ್ಟು ಮೊಳ? ಇಂಟರ್ವಲ್‌ನಲ್ಲಿ ಏನು ತಿನ್ನುತ್ತಿದ್ದಿರಿ? ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಆದರೆ ಹೇಳಿ ಮಾಡಿ.

ಮನೆಯಲ್ಲಿ ಮಾತು ಹೊರಡದಿದ್ದರೆ ಒಂದು ಭಾನುವಾರ ಬೆಳಿಗ್ಗೆ, ಟ್ರಾಫಿಕ್ ಶುರುವಾಗುವ ಮುಂಚೆ, ಅವರನ್ನು ಬೆಂಗಳೂರಿನ ಕೆಂಪೇಗೌಡ ರಸ್ತೆಗೆ ಕರೆದುಕೊಂಡು ಹೋಗಿ. ಮೆಜೆಸ್ಟಿಕ್ ಅನ್ನೋ ಹೆಸರೇ ಅಲ್ಲಿದ್ದ ಒಂದು ಚಿತ್ರಮಂದಿರದಿಂದ ಬಂದಿದ್ದು. ಈಗ ಅಲ್ಲಿ ಸಾಗರ್ ಇಲ್ಲ, ಕಪಾಲಿ ಇಲ್ಲ. ಎಂ.ಜಿ. ರೋಡಿನ ಪ್ಲಾಜಾ ಹೋಯಿತು, ಬ್ರಿಗೇಡ್ ರೋಡಿನ ರೆಕ್ಸ್ 2018ರ ಕೊನೆಗೆ ಮುಚ್ಚಿತು. ಕಟ್ಟಡ ಹೋದರೂ ಜಾಗ ನೋಡಿದ ಕೂಡಲೇ ಅವರಿಗೆ ನೆನಪು ಬರುತ್ತದೆ. ದೊಡ್ಡಮ್ಮ ಕಾರಿನ ಕಿಟಕಿಯಿಂದಲೇ ಕೈ ತೋರಿಸಿ, ಕ್ಯೂ ಎಲ್ಲಿಂದ ಶುರುವಾಗುತ್ತಿತ್ತು, ಎಲ್ಲಿ ತಿರುಗುತ್ತಿತ್ತು ಅಂತ ಹೇಳುತ್ತಾ ಹೋದರು. ಅರ್ಧ ಗಂಟೆಯಲ್ಲಿ ನನಗೆ ಸಿಕ್ಕ ವಿವರ, ಹಿಂದಿನ ಎರಡು ವಾರದಲ್ಲಿ ಸಿಕ್ಕಿರಲಿಲ್ಲ.

ಟ್ರಂಕು ತೆರೆಯುವ ದಿನ

ಬಿಸಿಲಿರುವ, ಗಾಳಿ ಆಡುವ ಒಣ ದಿನ ಆರಿಸಿ. ಬೆಂಗಳೂರಿನಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ತೇವ ಜಾಸ್ತಿ. ಆ ಕಾಲದಲ್ಲಿ ಮಡಿಕೆ ಬಿಚ್ಚಿದರೆ ಬಟ್ಟೆ ತೇವ ಹೀರಿಕೊಳ್ಳುತ್ತದೆ. ಚಾಪೆ ಹಾಸಿ, ಅದರ ಮೇಲೆ ಒಗೆದ ಬಿಳಿ ಪಂಚೆ ಹಾಸಿ. ಕೈಯ ಉಂಗುರ, ಬಳೆ ತೆಗೆದಿಡಿ. ಹಳೇ ರೇಷ್ಮೆಯ ಎಳೆ ಅದಕ್ಕೆ ಸಿಕ್ಕಿಕೊಂಡು ಬರುತ್ತದೆ.

ಸೀರೆಯನ್ನು ಎತ್ತಿ ಝಾಡಿಸಬೇಡಿ. ಪಂಚೆಯ ಮೇಲೇ ಒಂದೊಂದು ಮಡಿಕೆ ಬಿಚ್ಚಿ. ಬಿಚ್ಚಿದ ಮೇಲೆ ಇಬ್ಬರು ಎರಡು ಕಡೆ ಹಿಡಿದು ಕಿಟಕಿಯ ಬೆಳಕಿಗೆ ಒಡ್ಡಿ ನೋಡಿ. ಮಡಿಕೆಯ ಗೆರೆ ಇರುವ ಕಡೆ ಸಣ್ಣ ಸಣ್ಣ ಬೆಳಕಿನ ಚುಕ್ಕೆ ಕಂಡರೆ ಅಲ್ಲಿ ರೇಷ್ಮೆ ಸೀಳಲು ಶುರುವಾಗಿದೆ ಅಂತ ಅರ್ಥ. ಅಂಥ ಸೀರೆಯನ್ನು ಉಡಬೇಡಿ. ನಿರಿಗೆ ಹಿಡಿದು ಸೊಂಟಕ್ಕೆ ಸಿಕ್ಕಿಸಿ ಒಂದು ಸಲ ಕೂತು ಎದ್ದರೆ ಸಾಕು, ಉದ್ದಕ್ಕೂ ಹರಿಯುತ್ತದೆ. ಅದನ್ನು ಆ ಸಂಜೆ ಮೇಜಿನ ಮೇಲೆ ಹರಡಿ ತೋರಿಸಿ. ಸೆರಗು ಮಾತ್ರ ಗಟ್ಟಿಯಿದ್ದರೆ ಹಿಂದೆ ತೆಳು ನೆಟ್ ಬಟ್ಟೆ ಕೊಟ್ಟು ಕೈಹೊಲಿಗೆ ಹಾಕಿಸಿ, ಫ್ರೇಮು ಹಾಕಿಸಬಹುದು.

ಗಟ್ಟಿಯಿರುವ ಸೀರೆಗೂ ಒಂದಿಷ್ಟು ಆರೈಕೆ ಬೇಕು. ನೆರಳಿನಲ್ಲಿ ಎರಡು ಗಂಟೆ ಗಾಳಿಗೆ ಹರಡಿ. ನೇರ ಬಿಸಿಲು ಬೇಡ, ಬಣ್ಣ ಹೋಗುತ್ತದೆ. ಇಸ್ತ್ರಿ ಮಾಡುವುದಾದರೆ ತೆಳು ಹತ್ತಿ ಬಟ್ಟೆ ಮೇಲೆ ಹಾಸಿ, ಕಡಿಮೆ ಶಾಖದಲ್ಲಿ, ಸೀರೆಯ ಒಳಮಗ್ಗುಲಿಗೆ ಮಾಡಿ. ಹಳೇ ಜರಿಯ ಸೀರೆಯನ್ನು ರೋಲ್ ಪಾಲಿಶ್‌ಗೆ ಕೊಡುವುದನ್ನು ನಾನು ಒಪ್ಪುವುದಿಲ್ಲ. ಎಳೆದು ಬಿಗಿ ಮಾಡುವಾಗ ಮಡಿಕೆಯ ಗೆರೆ ಬಾಯಿ ಬಿಡುತ್ತದೆ.

ಜರಿ ಕಪ್ಪಾಗಿದ್ದರೆ ಅದಕ್ಕೆ ಕಾರಣ ಇದೆ. ಅಸಲಿ ಜರಿಯಲ್ಲಿ ಬೆಳ್ಳಿ ಇರುತ್ತದೆ, ಮೇಲೆ ಚಿನ್ನದ ತೆಳು ಲೇಪ. ತೇವಕ್ಕೆ, ಗಾಳಿಗೆ ಆ ಬೆಳ್ಳಿ ಮಂಕಾಗುತ್ತದೆ, ಮನೆಯ ಬೆಳ್ಳಿ ಲೋಟದ ಹಾಗೆ. ಹಾಗಂತ ಪಾತ್ರೆ ತಿಕ್ಕುವ ಪುಡಿ, ನಿಂಬೆಹಣ್ಣು ಹಚ್ಚಬೇಡಿ. ನಾಲ್ಕು ಫೋಟೋದಲ್ಲಿ ಮಂಕು ಜರಿ ಚೆನ್ನಾಗಿಯೇ ಕಾಣುತ್ತದೆ.

ವಾಪಸ್ ಇಡುವಾಗ ಹಳೇ ಗೆರೆ ಬಿಟ್ಟು ಬೇರೆ ಕಡೆ ಮಡಿಚಿ. ಮೂರು ನಾಲ್ಕು ತಿಂಗಳಿಗೊಮ್ಮೆ ಮಡಿಕೆ ಬದಲಾಯಿಸಿ. ಮೆತ್ತಗಿನ ಹಳೇ ಹತ್ತಿ ಪಂಚೆಯಲ್ಲಿ ಸುತ್ತಿ. ಪ್ಲಾಸ್ಟಿಕ್ ಕವರ್ ಬೇಡ. ನುಸಿಗುಳಿಗೆ ಜರಿಗೆ ತಾಗಬಾರದು. ಇಡಲೇಬೇಕಾದರೆ ಬಟ್ಟೆಯ ಚೂರಿನಲ್ಲಿ ಕಟ್ಟಿ ಟ್ರಂಕಿನ ಮೂಲೆಗೆ ಇಡಿ. ನಮ್ಮ ಮನೆಯಲ್ಲಿ ಒಣಗಿದ ಬೇವಿನ ಎಲೆ ಮತ್ತು ಲವಂಗದ ಗಂಟು ಇಡುತ್ತೇವೆ. ಖಾಲಿಯಾದ ಮೈಸೂರ್ ಸ್ಯಾಂಡಲ್ ಸೋಪಿನ ಡಬ್ಬಿಯೂ ಅದರ ಜೊತೆ ಇರುತ್ತದೆ. 1916ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಾರ್ಖಾನೆಯ ಸೋಪು ಅದು. ದೊಡ್ಡಮ್ಮನಿಗೆ ಟ್ರಂಕು ಅಂದರೆ ಆ ವಾಸನೆಯೇ.

ಬ್ಲೌಸ್ ಸರಿಯಾದರೆ ಅರ್ಧ ಕೆಲಸ ಆದ ಹಾಗೆ

ಸೀರೆ ಹಳೇದಿದ್ದು ಬ್ಲೌಸ್ ಈಗಿನ ಕಟ್ಟಿಂಗ್ ಆದರೆ ಆ ಕಾಲ ಬರುವುದಿಲ್ಲ. ಮನೆಯಲ್ಲಿ ಹಳೇ ಬ್ಲೌಸ್ ಸಿಕ್ಕಿದರೆ ಅದನ್ನು ಬಿಚ್ಚಿ ದೊಡ್ಡದು ಮಾಡಿಸಬೇಡಿ. ಹಾಗೇ ಇಟ್ಟುಕೊಂಡು ಟೈಲರಿಗೆ ಅಳತೆಗೆ, ಮಾದರಿಗೆ ತೋರಿಸಿ. ಎಲ್ಲಿ ಟಕ್ ಹಿಡಿದಿದ್ದಾರೆ, ತೋಳಿನ ಹೊಲಿಗೆ ಎಲ್ಲಿ ಬಂದಿದೆ ಅಂತ ಅನುಭವ ಇರುವ ಟೈಲರಿಗೆ ನೋಡಿದ ಕೂಡಲೇ ತಿಳಿಯುತ್ತದೆ.

ಬಟ್ಟೆಗೆ ಚಿಕ್ಕಪೇಟೆಗೇ ಹೋಗಬೇಕಿಲ್ಲ, ಗಾಂಧಿ ಬಜಾರ್, ಮಲ್ಲೇಶ್ವರ ಎಲ್ಲೇ ಆದರೂ ಮ್ಯಾಚಿಂಗ್ ಸೆಂಟರ್‌ನಲ್ಲಿ "ಟೂ ಬೈ ಟೂ" ಕೇಳಿ. ಆ ಹತ್ತಿ ಬಟ್ಟೆಗೆ ಬಿಗಿ ತೋಳು ಚೆನ್ನಾಗಿ ಕೂರುತ್ತದೆ. ಮಾಮೂಲಿ ಬ್ಲೌಸ್ ಪೀಸು ಉದ್ದ ತೋಳಿಗೆ ಸಾಲದು. ಒಂದೂಕಾಲು ಮೀಟರ್ ತೆಗೆದುಕೊಳ್ಳಿ, ಮೈಕಟ್ಟು ದೊಡ್ಡದಿದ್ದರೆ ಒಂದೂವರೆ. ಟೈಲರಿಗೆ ಮೂರು ಮಾತು ಮರೆಯದೆ ಹೇಳಿ. ಮೊಣಕೈ ಮಡಿಸಿ ಅಳತೆ ತೆಗೆದುಕೊಳ್ಳಬೇಕು. ಕಂಕುಳ ಹತ್ತಿರ ಒಳಹೊಲಿಗೆ ಬಿಡಬೇಕು. ಮಣಿಕಟ್ಟಿನ ಹತ್ತಿರ ಒಂದೆರಡು ಹುಕ್ಕು ಇರಬೇಕು, ಇಲ್ಲದಿದ್ದರೆ ಕೈ ತೂರುವುದಿಲ್ಲ. ಹಾಕಿಕೊಂಡು ಒಂದು ಸಲ ತುರುಬು ಕಟ್ಟಿಕೊಳ್ಳುವ ಹಾಗೆ ಕೈ ಎತ್ತಿ ನೋಡಿ. ಎತ್ತಲು ಆಗದಿದ್ದರೆ ಅಲ್ಲೇ ವಾಪಸ್ ಕೊಡಿ.

ತಲೆ, ಮುಖ, ಹೂ

ಪಫ್ ನಿಲ್ಲಬೇಕಾದರೆ ತಲೆಗೆ ಹಿಂದಿನ ದಿನ ಸ್ನಾನ ಮಾಡಿರಬೇಕು. ಅವತ್ತೇ ತೊಳೆದ ಕೂದಲು ಜಾರುತ್ತದೆ, ಎಣ್ಣೆ ಹಚ್ಚಿದ್ದು ತಲೆಗೇ ಅಂಟಿ ಚಪ್ಪಟೆಯಾಗುತ್ತದೆ. ನೆತ್ತಿಯ ಮೇಲಿನ ಕೂದಲನ್ನು ಮೂರು ಪದರ ಮಾಡಿ. ಮುಂದಿನ ಪದರವನ್ನು ಮುಟ್ಟಬೇಡಿ, ಕ್ಲಿಪ್ಪು ಹಾಕಿ ಬದಿಗಿಡಿ. ಹಿಂದಿನ ಎರಡನ್ನು ಒಂದೊಂದಾಗಿ ಮೇಲಕ್ಕೆ ಹಿಡಿದು, ತುದಿಯಿಂದ ಬುಡದ ಕಡೆಗೆ ಹಿಮ್ಮುಖವಾಗಿ ಬಾಚಿ. ಬುಡದಲ್ಲಿ ಮೆತ್ತೆಯ ಹಾಗೆ ಆಗುತ್ತದೆ. ಈಗ ಮುಂದಿನ ಪದರವನ್ನು ಅದರ ಮೇಲೆ ಹೊದಿಸಿ, ಬಾಚಣಿಗೆಯನ್ನು ಮೇಲ್ಮೇಲೆ ಆಡಿಸಿ, ಹಿಂದೆ ಪಿನ್ನು ಹಾಕಿ. ಕೆಳಗೆ ಚೌರಿ ಸೇರಿಸಿ ಜಡೆಯನ್ನಾದರೂ ಹೆಣೆಯಿರಿ, ತುರುಬನ್ನಾದರೂ ಕಟ್ಟಿ. ರಾತ್ರಿ ಬಿಚ್ಚುವಾಗ ಅವಸರ ಬೇಡ. ಕೊಬ್ಬರಿ ಎಣ್ಣೆ ಹಚ್ಚಿ, ತುದಿಯಿಂದ ಬಿಡಿಸುತ್ತಾ ಬನ್ನಿ.

ಮುಖಕ್ಕೆ ಜಾಸ್ತಿ ಬಳಿಯಬೇಡಿ. ಆ ಕಾಲದ ಸೊಗಸೆಲ್ಲ ಕಣ್ಣಿನಲ್ಲಿತ್ತು. ಮೇಲಿನ ರೆಪ್ಪೆಯ ಅಂಚಿಗೆ ದಪ್ಪ ಗೆರೆ, ತುದಿಯಲ್ಲಿ ಹುಬ್ಬಿನ ಕಡೆಗೆ ಚಿಕ್ಕ ಬಾಲ. ಕೆಳಗೆ ತೆಳುವಾಗಿ ಕಾಡಿಗೆ. ತುಟಿಗೆ ತಿಳಿಗುಲಾಬಿ ಸಾಕು. ಹಣೆಗೆ ಸ್ಟಿಕ್ಕರ್ ಬದಲು ಸಾದು ಇಟ್ಟು ನೋಡಿ. ದೊಡ್ಡಮ್ಮ ಸಬ್ಬಕ್ಕಿಯನ್ನು ಬಾಣಲೆಯಲ್ಲಿ ಪೂರ್ತಿ ಕಪ್ಪಾಗುವವರೆಗೆ ಹುರಿದು, ನೀರು ಹಾಕಿ ಕುದಿಸಿ, ತೆಂಗಿನ ಕರಟದಲ್ಲಿ ಸುರಿದು ಒಣಗಿಸಿ ಕೊಟ್ಟರು. ಒಂದು ಹನಿ ನೀರು ಬಿಟ್ಟು ಬೆರಳಿನಲ್ಲಿ ತೇಯಬೇಕು. ಆ ಮಿರುಗುವ ಕಪ್ಪು ಬೊಟ್ಟು ಸಂಜೆ ಪೂರ್ತಿ ಅಲುಗಲಿಲ್ಲ.

ಹೂವನ್ನು ಅವತ್ತೇ ಬೆಳಿಗ್ಗೆ ತನ್ನಿ. ಕೃಷ್ಣರಾಜ ಮಾರುಕಟ್ಟೆಯಲ್ಲಿ ನಸುಕಿಗೇ ಸಿಗುತ್ತದೆ, ಗಾಂಧಿ ಬಜಾರಿನಲ್ಲಿ ನಿಧಾನವಾಗಿ ಆರಿಸಬಹುದು. ಮಲ್ಲಿಗೆ, ಕನಕಾಂಬರ, ನಡುವೆ ಮರುಗ. ಒದ್ದೆ ಬಟ್ಟೆ ಮುಚ್ಚಿ ಬಾಳೆ ಎಲೆಯಲ್ಲಿ ಕಟ್ಟಿಡಿ. ವರಮಹಾಲಕ್ಷ್ಮಿ ಹಬ್ಬದ ವಾರ ಮಾತ್ರ ಈ ಸಂಜೆ ಇಟ್ಟುಕೊಳ್ಳಬೇಡಿ, ಹೂವಿನ ಬೆಲೆ ಮುಟ್ಟುವ ಹಾಗಿರುವುದಿಲ್ಲ.

ಗಂಡಸರ ಕೈಗೆ ಒಂದು ಎಚ್‌ಎಂಟಿ

ಗಂಡಸರ ಬಟ್ಟೆ ಸುಲಭ. ಟೆರಿಕಾಟ್ ಪ್ಯಾಂಟು, ಒಳಗೆ ಸೇರಿಸಿದ ಅರ್ಧ ತೋಳಿನ ಶರ್ಟು, ಎಣ್ಣೆ ಹಚ್ಚಿ ಬಾಚಿದ ಕ್ರಾಪು. ಆದರೆ ಬೆಂಗಳೂರಿನ ಸಂಜೆಗೆ ಕೈಗಡಿಯಾರ ಎಚ್‌ಎಂಟಿ ಆಗಿರಬೇಕು. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ನಮ್ಮೂರಿನಲ್ಲೇ ಎಚ್‌ಎಂಟಿಯ ವಾಚ್ ಕಾರ್ಖಾನೆ ಶುರುವಾಯಿತು. ಜನತಾ, ಪೈಲಟ್, ಸೋನಾ, ಕೊಹಿನೂರ್ ಇವನ್ನೆಲ್ಲ ಎಷ್ಟು ಮನೆಗಳಲ್ಲಿ ಮದುವೆ ಗಂಡಿಗೆ ಕೊಟ್ಟಿದ್ದಾರೋ! ನಿಮ್ಮ ಬೀರುವಿನಲ್ಲೂ ಒಂದು ಇರಬಹುದು, ಮೊದಲು ಅಲ್ಲಿ ಹುಡುಕಿ.

ಸಿಕ್ಕಿದ ಕೂಡಲೇ ಕೀ ಕೊಡಬೇಡಿ. ವರ್ಷಗಟ್ಟಲೆ ಸುಮ್ಮನೆ ಇದ್ದ ವಾಚಿನ ಒಳಗೆ ಎಣ್ಣೆ ಒಣಗಿ ಅಂಟಾಗಿರುತ್ತದೆ, ಹಾಗೇ ಓಡಿಸಿದರೆ ಗಾಲಿಗಳು ಸವೆಯುತ್ತವೆ. ಹಳೇ ವಾಚು ಗೊತ್ತಿರುವ ರಿಪೇರಿಯವರಿಗೆ ಕೊಟ್ಟು ಬಿಚ್ಚಿ ಕ್ಲೀನ್ ಮಾಡಿಸಿ, ಆಯಿಲಿಂಗ್ ಮಾಡಿಸಿ. "ಡಯಲ್ ಮುಟ್ಟಬೇಡಿ, ಬಣ್ಣ ಹಾಕಬೇಡಿ" ಅಂತ ಚೀಟಿಯಲ್ಲೇ ಬರೆಸಿ. ಆಮೇಲೆ ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಕೀ ಕೊಡಿ. ಬಿಗಿಯಾಯಿತು ಅನ್ನಿಸಿದ ಕಡೆ ನಿಲ್ಲಿಸಿ.

ಕೊಳ್ಳುವುದಾದರೆ ಒಂದು ಎಚ್ಚರ. ಹಳೇ ಮಷೀನಿಗೆ ಹೊಸದಾಗಿ ಬಣ್ಣ ಹೊಡೆದ ಡಯಲ್ ಕೂರಿಸಿ ಮಾರುವುದು ಜಾಸ್ತಿಯಾಗಿದೆ. ಭೂತಗನ್ನಡಿ ಇಟ್ಟು ಅಕ್ಷರ ನೋಡಿ. ಅಂಚು ಹರಡಿದ್ದರೆ, ಅಂಕಿಗಳು ಓರೆಯಾಗಿದ್ದರೆ, ಅರ್ಧ ಶತಮಾನದ ವಾಚಿನ ಮುಖ ನಿನ್ನೆ ಮಾಡಿದ ಹಾಗೆ ಮಿಂಚುತ್ತಿದ್ದರೆ ಬಿಟ್ಟುಬಿಡಿ.

ಹಾಡು: ಪ್ಲೇಟು, ಎಲ್‌ಪಿ, ಕ್ಯಾಸೆಟ್

ಇಲ್ಲಿ ನಿಧಾನವಾಗಿ ಓದಿ. ಬಟ್ಟೆ ಹರಿದರೆ ಹೊಲಿಯಬಹುದು. ಪ್ಲೇಟು ಕೆಟ್ಟರೆ ಅದರಲ್ಲಿದ್ದ ದನಿ ಹೋಯಿತು.

ನಮ್ಮ ತಾತ ಇಟ್ಟುಕೊಂಡಿದ್ದ ನಾಟಕದ ಹಾಡಿನ ಒಂದು ಪ್ಲೇಟು ಇತ್ತು. ಧೂಳು, ಬೂಷ್ಟು ಹಿಡಿದಿತ್ತು. ಕೈಗೆ ಹಾಕುವ ಸ್ಯಾನಿಟೈಸರನ್ನೇ ಹತ್ತಿಗೆ ಹಾಕಿ ಒರೆಸಿದೆ. ಹತ್ತಿ ಕಪ್ಪಾಯಿತು. ಕೊಳೆ ಬರುತ್ತಿದೆ ಅಂದುಕೊಂಡು ಇನ್ನಷ್ಟು ಒರೆಸಿದೆ. ಬರುತ್ತಿದ್ದದ್ದು ಕೊಳೆಯಲ್ಲ, ಪ್ಲೇಟೇ. ಹಳೇ 78ರ ಪ್ಲೇಟುಗಳನ್ನು ಅರಗಿನಿಂದ ಮಾಡುತ್ತಿದ್ದರು. ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ. ಆ ಹಾಡಿನ ಶುರುವಿನ ಎರಡು ಸಾಲು ಈಗ ಬರೀ ಸದ್ದು. ಇದನ್ನು ಬರೆಯುವಾಗಲೂ ನನಗೆ ಹೊಟ್ಟೆ ಉರಿಯುತ್ತದೆ. ನಿಮ್ಮ ಮನೆಯಲ್ಲಿ ಹೀಗಾಗಬಾರದು.

ಹಾಗಾಗಿ ಮೊದಲು ನಿಮ್ಮ ಕೈಯಲ್ಲಿರುವುದು ಯಾವುದು ಅಂತ ಗುರುತಿಸಿ. ಹತ್ತು ಇಂಚಿನದು, ತೂಕ ಇದೆ, ಬಗ್ಗುವುದಿಲ್ಲ, ಲೇಬಲ್ ಮೇಲೆ 78 ಅಂತಿದೆ ಅಂದರೆ ಅರಗಿನದು. ಕೈಜಾರಿ ಬಿದ್ದರೆ ಹಂಚಿನ ಹಾಗೆ ಚೂರಾಗುತ್ತದೆ. ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷ ಮಾತ್ರ. ಹಳೇ ಹಾಡುಗಳು ಅಷ್ಟರಲ್ಲೇ ಮುಗಿಯುವುದಕ್ಕೆ ಇದೂ ಒಂದು ಕಾರಣ. ಹನ್ನೆರಡು ಇಂಚಿನದು, ಹಗುರ, ಸ್ವಲ್ಪ ಬಾಗುತ್ತದೆ ಅಂದರೆ ಎಲ್‌ಪಿ, ನಿಮಿಷಕ್ಕೆ ಮೂವತ್ತಮೂರೂ ಮೂರನೇ ಒಂದು ಸುತ್ತು. ಏಳು ಇಂಚಿನದು ಇಪಿ, ಹೆಚ್ಚಾಗಿ 45 ಸುತ್ತಿನದು. ಇವೆರಡೂ ವಿನೈಲ್.

ಮೆತ್ತಗಿನ ಬ್ರಷ್‌ನಿಂದ ಗೀರು, ಅಂದರೆ ಹಾಡು ಕೊರೆದ ಸುರುಳಿ ಗೆರೆ, ಹೋದ ದಾರಿಯಲ್ಲೇ ಸುತ್ತುತ್ತಾ ಧೂಳು ತೆಗೆಯಿರಿ. ಅಡ್ಡಡ್ಡ ಒರೆಸಬೇಡಿ. ಆಮೇಲೂ ಕೊಳೆಯಿದ್ದರೆ ಡಿಸ್ಟಿಲ್ಡ್ ವಾಟರ್‌ಗೆ ಒಂದೇ ಹನಿ ಪಾತ್ರೆ ತೊಳೆಯುವ ದ್ರವ ಹಾಕಿ, ಮೆತ್ತಗಿನ ಬಟ್ಟೆ ಅದ್ದಿ ಹಿಂಡಿ ಒರೆಸಿ. ಇನ್ನೊಂದು ಬಟ್ಟೆಯಲ್ಲಿ ಬರೀ ಡಿಸ್ಟಿಲ್ಡ್ ವಾಟರ್‌ನಿಂದ ಒರೆಸಿ, ನೆರಳಿನಲ್ಲಿ ನಿಲ್ಲಿಸಿ ಒಣಗಿಸಿ. ಬೋರ್‌ವೆಲ್ ನೀರು ಬೇಡ, ಅದರ ಉಪ್ಪು ಗೀರಿನಲ್ಲಿ ಕೂರುತ್ತದೆ. ಲೇಬಲ್ ಒದ್ದೆಯಾಗಬಾರದು. ಅರಗಿನ ಪ್ಲೇಟಿಗೆ ಸ್ಪಿರಿಟ್, ಸ್ಯಾನಿಟೈಸರ್, ಸೆಂಟು ಯಾವುದೂ ಹತ್ತಿರ ಬರಬಾರದು.

ನುಡಿಸುವಾಗ ಮುಳ್ಳು ಮುಖ್ಯ. ಕೀ ಕೊಡುವ ಗ್ರಾಮಫೋನಿನಲ್ಲಿ ಉಕ್ಕಿನ ಮುಳ್ಳು ಇರುತ್ತದೆ. ಒಂದು ಮಗ್ಗುಲಿಗೆ ಒಂದು ಮುಳ್ಳು, ಅಷ್ಟೇ. ಸವೆದ ಮುಳ್ಳು ಉಳಿಯ ಹಾಗೆ ಗೀರನ್ನು ಕೊರೆಯುತ್ತದೆ. ಎಲ್‌ಪಿ, ಇಪಿಗಳನ್ನು ಗ್ರಾಮಫೋನಿನಲ್ಲಿ ಇಡಲೇಬೇಡಿ, ಒಂದೇ ಸಲಕ್ಕೆ ಹಾಳು. ಟರ್ನ್‌ಟೇಬಲ್‌ನಲ್ಲಿ 78 ನುಡಿಸುವುದಾದರೆ ಅದಕ್ಕೆ ಬೇರೆ ಸ್ಟೈಲಸ್ (ಅದರ ಮುಳ್ಳು) ಬೇಕು, ಏಕೆಂದರೆ ಅದರ ಗೀರು ಎಲ್‌ಪಿಯದಕ್ಕಿಂತ ಅಗಲ. ಇಡುವಾಗ ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿ. ಒಂದರ ಮೇಲೊಂದು ಪೇರಿಸಿದರೆ ಎಲ್‌ಪಿ ಸೊಟ್ಟಗಾಗುತ್ತದೆ, ಅರಗಿನದು ಬಿರುಕು ಬಿಡುತ್ತದೆ.

ಕ್ಯಾಸೆಟ್ ಆದರೆ ಮುಂಭಾಗದಲ್ಲಿ ಟೇಪಿನ ಹಿಂದೆ ಒಂದು ಪುಟ್ಟ ಮೆತ್ತೆ ಇರುತ್ತದೆ, ಅದು ಉದುರಿದೆಯಾ ನೋಡಿ. ಟೇಪಿನ ಸುರುಳಿಯ ಮೇಲೆ ಬಿಳಿ ಪುಡಿಯಿದ್ದರೆ ಬೂಷ್ಟು, ಪ್ಲೇಯರಿಗೆ ಹಾಕಬೇಡಿ. ಎಲ್ಲ ಸರಿಯಿದ್ದರೆ ಒಂದು ಸಲ ಪೂರ್ತಿ ಮುಂದಕ್ಕೆ, ಪೂರ್ತಿ ಹಿಂದಕ್ಕೆ ಸುತ್ತಿ, ಆಮೇಲೆ ಹಾಡಿಸಿ. ಪ್ಲೇಯರ್ ತಿರುಗುತ್ತಿಲ್ಲ ಅಂದರೆ ಹೆಚ್ಚಿನ ಸಲ ಹೋಗಿರುವುದು ಒಳಗಿನ ರಬ್ಬರ್ ಬೆಲ್ಟ್. ಹಳೇ ಬೆಲ್ಟನ್ನೇ ತೆಗೆದುಕೊಂಡು ಎಸ್.ಪಿ. ರೋಡಿಗೆ ಹೋಗಿ, ಅಳತೆಗೆ ಹಿಡಿದು ಕೇಳಿ.

ವಾಲ್ವ್ ರೇಡಿಯೊ ಇದ್ದರೆ ನೇರವಾಗಿ ಪ್ಲಗ್ ಹಾಕಬೇಡಿ. ಒಳಗಿನ ಕಂಡೆನ್ಸರ್ ಕೆಟ್ಟಿದ್ದರೆ ಹೊಗೆ ಬರುತ್ತದೆ, ಶಾಕ್ ಹೊಡೆಯುವ ಅಪಾಯವೂ ಇದೆ. ತಿಳಿದವರಿಗೆ ತೋರಿಸಿ. ರಿಪೇರಿ ಆಗದಿದ್ದರೆ ಅದನ್ನು ಮೇಜಿನ ಮೇಲೆ ಅಂದಕ್ಕಿಟ್ಟು, ಹಿಂದೆ ಈಗಿನ ಚಿಕ್ಕ ರೇಡಿಯೊದಲ್ಲಿ 102.9 ಹಾಕಿ. 1957ರಲ್ಲಿ ಶುರುವಾದ ವಿವಿಧ ಭಾರತಿ ಇನ್ನೂ ಇದೆಯಲ್ಲ!

ಹಾಡಿನ ಪುಸ್ತಕ, ಪೋಸ್ಟರ್, ಪತ್ರಿಕೆ

ಚಿತ್ರಮಂದಿರದ ಹೊರಗೆ ಮಾರುತ್ತಿದ್ದ ಹಾಡಿನ ಪುಸ್ತಕ ನೆನಪಿದೆಯಾ? ಅರ್ಧ ಕಥೆ ಹೇಳಿ, ಉಳಿದದ್ದನ್ನು ಬೆಳ್ಳಿತೆರೆಯ ಮೇಲೆ ನೋಡಿ ಅಂತ ಮುಗಿಸುತ್ತಿದ್ದರು. ಅಂಥದ್ದು, ಹಳೇ 'ರೂಪತಾರಾ', 'ಸುಧಾ' ಸಂಚಿಕೆ ಸಿಕ್ಕಿದರೆ ಲ್ಯಾಮಿನೇಷನ್ ಮಾಡಿಸಬೇಡಿ. ಬಿಸಿಗೆ ಕಾಗದ ಬೆಂದು, ಮುಂದೆ ಬಿಡಿಸಲು ಆಗುವುದಿಲ್ಲ. ಸೆಲೋಟೇಪೂ ಬೇಡ, ಕೆಲವೇ ವರ್ಷಕ್ಕೆ ಕಂದು ಕಲೆ ಬಿಟ್ಟು ಉದುರುತ್ತದೆ. ಮೊಬೈಲಿನಲ್ಲಿ ಅಲ್ಲ, ಸ್ಕ್ಯಾನರಿನಲ್ಲಿ 600 ಡಿಪಿಐಗೆ ಸ್ಕ್ಯಾನ್ ಮಾಡಿಸಿ, ಗೋಡೆಗೆ ಆ ಪ್ರತಿಯನ್ನೇ ಅಂಟಿಸಿ. ಮೂಲ ಪ್ರತಿ ಫೈಲಿನಲ್ಲಿ ಕತ್ತಲಲ್ಲಿ ಇರಲಿ. ತುಕ್ಕು ಹಿಡಿದ ಸ್ಟೇಪ್ಲರ್ ಪಿನ್ನನ್ನು ಹಿಂದಿನಿಂದ ಬಿಡಿಸಿ ತೆಗೆದು, ಬಿಳಿ ನೂಲಿನ ಹೊಲಿಗೆ ಹಾಕಿ.

ಮನೆಯಲ್ಲಿ ಏನೂ ಇಲ್ಲ, ಕೊಳ್ಳಲೇಬೇಕು ಅಂದರೆ ಭಾನುವಾರ ಬೆಳಿಗ್ಗೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಕಡೆ ಸಂಡೆ ಬಜಾರಿಗೆ ಹೋಗಿ. ಹಳೇ ಪುಸ್ತಕ, ಪತ್ರಿಕೆಗೆ ಅವೆನ್ಯೂ ರೋಡಿನಲ್ಲಿ, ಚರ್ಚ್ ಸ್ಟ್ರೀಟಿನಲ್ಲಿ ನೋಡಿ. ಚಿಲ್ಲರೆ ನೋಟು ಇಟ್ಟುಕೊಳ್ಳಿ. ರೆಕಾರ್ಡನ್ನು ಬೆಳಕಿಗೆ ಓರೆ ಹಿಡಿದು ನೋಡದೆ ತೆಗೆದುಕೊಳ್ಳಬೇಡಿ. "ಹಳೇ ಪೋಸ್ಟರ್" ಅಂತ ತೋರಿಸಿದರೆ ಮಡಿಕೆ ಗುರುತು ಹುಡುಕಿ. ಆಗಿನ ಪೋಸ್ಟರುಗಳು ಹೆಚ್ಚಾಗಿ ಮಡಿಚಿಯೇ ಊರಿಂದೂರಿಗೆ ಹೋಗುತ್ತಿದ್ದವು. ಒಂದೂ ಗೆರೆಯಿಲ್ಲದೆ ನಯವಾಗಿ ಹೊಳೆಯುವ ಕಾಗದ ಬಹುಪಾಲು ಈಚಿನ ಮುದ್ರಣ. ಅಂದಕ್ಕೆ ಬೇಕಾದರೆ ಕೊಳ್ಳಿ, ಹಳೇದರ ಬೆಲೆ ಕೊಡಬೇಡಿ.

ಆ ಸಂಜೆ

ಟ್ಯೂಬ್‌ಲೈಟ್ ಆರಿಸಿ, ಹಳದಿ ಬಲ್ಬು ಹಾಕಿ. ತಿನ್ನಲು ಕೋಡುಬಳೆ, ಕಾಂಗ್ರೆಸ್ ಕಡ್ಲೆಕಾಯಿ ಬೀಜ, ಗೋಲಿ ಸೋಡಾ, ಆಮೇಲೆ ಲೋಟ-ಬಟ್ಟಲಿನಲ್ಲಿ ಕಾಫಿ. ಇಷ್ಟು ಸಾಕು. ಅಡುಗೆಮನೆಯಲ್ಲೇ ಸಂಜೆ ಕಳೆದುಹೋದರೆ ಪ್ರಯೋಜನವಿಲ್ಲ.

ಪ್ಲೇಟು ತಿರುಗುವಾಗ ಯಾರೂ ಮಾತಾಡಬೇಡಿ. ಮೂರು ನಿಮಿಷ ತಾನೇ. ಕೀ ಕೊಡುವ ಕೆಲಸ ಮಕ್ಕಳಿಗೆ ವಹಿಸಿ. ನಮ್ಮಲ್ಲಿ ಒಂಬತ್ತು ವರ್ಷದ ಹುಡುಗ, ಲೇಬಲ್ ಮೇಲೆ ಗ್ರಾಮಫೋನಿನ ಕೊಂಬಿನ ಮುಂದೆ ಕೂತ ಎಚ್‌ಎಂವಿ ಕಂಪನಿಯ ನಾಯಿಯನ್ನು ನೋಡಿ, ತಾನೂ ಹಾಗೇ ಕಿವಿಯೊಡ್ಡಿ ಕೂತುಬಿಟ್ಟ.

ಕೊನೆಗೆ ಫೋಟೋ. ಹಿಂದೆ ಗಾಢ ಬಣ್ಣದ ಕಂಬಳಿ ಅಥವಾ ಜಮಖಾನ ಕಟ್ಟಿ. ಒಂದೇ ದೀಪ, ಎದುರಿನಿಂದಲ್ಲ, ಬದಿಯಿಂದ, ಮುಖಕ್ಕಿಂತ ಸ್ವಲ್ಪ ಮೇಲೆ. ಕೂತವರು ದೀಪದ ಕಡೆ ಅರ್ಧ ತಿರುಗಲಿ. ಫ್ಲ್ಯಾಶ್ ಬೇಡ. ಕಪ್ಪು-ಬಿಳುಪು ಮಾಡಿ, ಮ್ಯಾಟ್ ಕಾಗದದ ಮೇಲೆ ಪ್ರಿಂಟ್ ಹಾಕಿಸಿ. ಅಂಟುವ ಪುಟಗಳ ಆಲ್ಬಂ ಬೇಡ. ಅಂಥದ್ದರಲ್ಲಿ ಹಳೇ ಫೋಟೋ ಸಿಕ್ಕಿಕೊಂಡಿದ್ದರೆ ಹಲ್ಲಿನ ಫ್ಲಾಸ್ ದಾರವನ್ನು ಫೋಟೋ ಹಿಂದೆ ತೂರಿಸಿ, ಗರಗಸದ ಹಾಗೆ ಮೆಲ್ಲಗೆ ಆಡಿಸುತ್ತಾ ಬಿಡಿಸಿ. ಎಳೆದು ಕೀಳಬೇಡಿ. ಕಪ್ಪು ಕಾಗದದ ಆಲ್ಬಂ, ಮೂಲೆಗೆ ಸಿಕ್ಕಿಸುವ ಕಾರ್ನರ್ ಸಿಕ್ಕಿದರೆ ಅದೇ ಒಳ್ಳೆಯದು.

ಪ್ರತಿ ಫೋಟೋದ ಹಿಂದೆ, ಅಂಚಿನ ಹತ್ತಿರ, ಮೆತ್ತಗಿನ ಪೆನ್ಸಿಲಿನಲ್ಲಿ ಬರೆಯಿರಿ. ಬಾಲ್‌ಪೆನ್ನಿನ ಒತ್ತು ಮುಂದಕ್ಕೆ ಮೂಡುತ್ತದೆ. ಯಾರು, ಎಲ್ಲಿ, ಯಾವ ವರ್ಷ, ಯಾವ ಬಣ್ಣದ ಸೀರೆ. ಇದನ್ನು ನಾಳೆಗೆ ಇಡಬೇಡಿ, ಹಿರಿಯರು ಪಕ್ಕದಲ್ಲೇ ಕೂತಿರುವಾಗ ಬರೆಯಿರಿ. ದೊಡ್ಡಮ್ಮ ಕನ್ನಡಕ ಏರಿಸಿಕೊಂಡು ನಾನು ಬರೆದಿದ್ದನ್ನೆಲ್ಲ ಓದಿದರು. ನೇರಳೆ ಬ್ಲೌಸಿನ ಫೋಟೋ ಬಂದಾಗ ಅದನ್ನು ನನ್ನ ಕಡೆಗೇ ವಾಪಸ್ ತಳ್ಳಿ, "ಟೈಲರ್ ಹೆಸರು ಬಿಟ್ಟಿದ್ದೀಯಲ್ಲೇ, ಅದನ್ನೂ ಬರಿ" ಅಂದರು.